ನಕ್ಷೆಗಾರರ ಸಂಘದಲ್ಲಿ ಯಾವ ಹೊಣೆ: ಅಧ್ಯಕ್ಷರದೋ, ಕಾರ್ಯದರ್ಶಿಯದೋ?

ಮೊದಲು ಯಾವ ಸಂಘ ಅಂತ ನೋಡಿಕೊಳ್ಳಿ. ಉಪಗ್ರಹ ಚಿತ್ರಗಳ ವಿಶ್ಲೇಷಣೆ ನಿಮ್ಮ ಕೆಲಸವಾದರೆ 1969ರಲ್ಲಿ ಹುಟ್ಟಿದ, ಡೆಹರಾಡೂನಿನ ಇಂಡಿಯನ್ ಸೊಸೈಟಿ ಆಫ್ ರಿಮೋಟ್ ಸೆನ್ಸಿಂಗ್ ಹತ್ತಿರದ್ದು. ನಕ್ಷೆ ರಚನೆಯೇ ಕಸುಬಾದವರಿಗೆ 1979ರಲ್ಲಿ ಹೈದರಾಬಾದಿನಲ್ಲಿ ಶುರುವಾದ ಇಂಡಿಯನ್ ನ್ಯಾಷನಲ್ ಕಾರ್ಟೊಗ್ರಾಫಿಕ್ ಅಸೋಸಿಯೇಷನ್.

ಇನ್ನು ಪ್ರಾದೇಶಿಕ ಶಾಖೆಯ ಹುದ್ದೆ. ಅಧ್ಯಕ್ಷರ ಬಂಡವಾಳ ಪರಿಚಯ ಮತ್ತು ಅನುಭವ. 2021ರ ಫೆಬ್ರುವರಿಯಲ್ಲಿ ಕೇಂದ್ರ ಸರ್ಕಾರ ನಕ್ಷೆ ದತ್ತಾಂಶದ ನಿಯಮ ಸಡಿಲಿಸಿದ ಮೇಲೆ ಖಾಸಗಿ ಕಂಪನಿಗಳಿಗೆ ದಾರಿ ತೆರೆಯಿತು. ಅವರನ್ನೂ ಸರ್ಕಾರಿ ಇಲಾಖೆಗಳನ್ನೂ ಕಾಲೇಜು ಮೇಷ್ಟ್ರುಗಳನ್ನೂ ಒಂದೇ ಮೇಜಿಗೆ ಕರೆತರಲು ಹಿರಿತನ ಬೇಕು.

ಶಾಖೆ ಉಸಿರಾಡುವುದು ಮಾತ್ರ ಕಾರ್ಯದರ್ಶಿಯಿಂದ. ಕ್ಯೂಜಿಐಎಸ್ ಎಂಬ ನಕ್ಷೆ ರಚನೆಯ ಉಚಿತ ತಂತ್ರಾಂಶದ ಒಂದು ಕಾರ್ಯಾಗಾರ ಅಂದರೆ ಸಭಾಂಗಣ ಗೊತ್ತುಮಾಡಬೇಕು, ಎಲ್ಲರ ಲ್ಯಾಪ್‌ಟಾಪಿನಲ್ಲೂ ಒಂದೇ ಆವೃತ್ತಿ ಇದೆಯೇ ನೋಡಬೇಕು. ದತ್ತಾಂಶವನ್ನು ಹಿಂದಿನ ದಿನವೇ ಪೆನ್‌ಡ್ರೈವ್‌ಗಳಿಗೆ ತುಂಬಿಡಬೇಕು. ನಲವತ್ತು ಮಂದಿ ಒಟ್ಟಿಗೆ ಡೌನ್‌ಲೋಡ್‌ಗೆ ಕೂತರೆ ಬೆಳಗಿನ ಅವಧಿ ಅಲ್ಲೇ ಮುಗಿಯುತ್ತದೆ. ಆಮೇಲೆ ನಡಾವಳಿ ಬರೆಯುವುದು, ಸದಸ್ಯತ್ವದ ಪಟ್ಟಿ ಸರಿಪಡಿಸುವುದು. ಹೆಸರು ಕಡಿಮೆ, ಕಲಿಕೆ ಅಪಾರ: ಯಾವ ವಿದ್ಯಾರ್ಥಿಗೆ ಕೆಲಸ ಬೇಕು, ಯಾವ ಕಚೇರಿಗೆ ಜನ ಬೇಕು ಎಂಬುದು ನಿಮಗೇ ಮೊದಲು ತಿಳಿಯುತ್ತದೆ.

ನಲವತ್ತರೊಳಗಿನವರು ಕಾರ್ಯದರ್ಶಿಯಾಗಲಿ ಎಂದೇ ನನ್ನ ಆಗ್ರಹ. ಖಜಾಂಚಿ ಹುದ್ದೆ ಲೆಕ್ಕದಲ್ಲಿ ಕಟ್ಟುನಿಟ್ಟಾಗಿರುವವರಿಗೆ ಮಾತ್ರ. ಯಾವುದಕ್ಕೇ ಒಪ್ಪುವ ಮುನ್ನ ಶಾಖೆಯ ಕಳೆದ ವರ್ಷದ ಲೆಕ್ಕಪತ್ರ, ನಡಾವಳಿ ಪುಸ್ತಕ ಎರಡನ್ನೂ ಕೇಳಿ ಓದಿ.