ಸ್ನೋಬೋರ್ಡ್ ಮೇಲೆ ಕೈಟ್ ಕಲಿಯಲು: ಫಾಯಿಲ್ಲೋ, ಗಾಳಿ ತುಂಬುವ ಕೈಟೋ?

ಇಲ್ಲಿ ಕೈಟ್ ಅಂದರೆ ಬೋರ್ಡ್ ಮೇಲೆ ನಿಂತವರನ್ನು ಗಾಳಿಯ ಬಲದಿಂದ ಎಳೆಯುವ ದೊಡ್ಡ ಗಾಳಿಪಟ. ಫಾಯಿಲ್ ಅಂದರೆ ಕೊಳವೆಯಿಲ್ಲದ, ಬರೀ ಬಟ್ಟೆಯ ಕೈಟ್; ಸಾಮಾನ್ಯವಾಗಿ ಮುಂದಂಚಿನ ಬಾಯಿಗಳಿಂದ ತಾನೇ ಗಾಳಿ ತುಂಬಿಕೊಳ್ಳುತ್ತದೆ. ಮೊದಲೇ ಹೇಳಿಬಿಡುತ್ತೇನೆ, ನಾನು ಫಾಯಿಲ್ ಕಡೆಯವನು. ನೀರಿನ ಮೇಲೆ ಕೈಟ್ ಆಡುವ ಗೆಳೆಯನಿಂದ ಗಾಳಿ ತುಂಬುವ ಕೈಟನ್ನು ಎರವಲು ತಂದು ಕೆಲವು ದಿನ ನೋಡಿದೆ. ಆಮೇಲೆ ದುಡ್ಡು ಕೊಟ್ಟು ತಂದದ್ದು ಸೆಕೆಂಡ್ ಹ್ಯಾಂಡ್ ಫಾಯಿಲ್. ಎರಡೂ 9 ಚದರ ಮೀಟರ್ ಆಸುಪಾಸು. ಬೋರ್ಡ್ ಅದೇ, ಕೈಟಿಗೆ ಸಿಕ್ಕಿಸಿಕೊಳ್ಳಲು ಸೊಂಟಕ್ಕೆ ಕಟ್ಟುವ ಹಾರ್ನೆಸ್ ಅದೇ, ಹಿಮದ ಬಯಲೂ ಅದೇ.

ಗಾಳಿ ತುಂಬುವ ಕೈಟಿನ ಮುಂದಂಚಿನಲ್ಲಿ ಒಂದು ದಪ್ಪ ಕೊಳವೆ ಇರುತ್ತದಲ್ವಾ, ಅದು ಹುಟ್ಟಿದ್ದೇ ನೀರಿಗಾಗಿ. ಫ್ರಾನ್ಸಿನ ಲೆಗೆನ್ಯೂ ಸಹೋದರರು 1984ರಲ್ಲಿ ಪೇಟೆಂಟಿಗೆ ಅರ್ಜಿ ಹಾಕಿದ್ದು, ನೀರಿಗೆ ಬಿದ್ದ ಕೈಟ್ ತೇಲಿ ಮತ್ತೆ ಮೇಲೇಳಲಿ ಅಂತ. ಹಿಮದಲ್ಲಿ ಮುಳುಗುವ ಮಾತೇ ಇಲ್ಲ. ಕೊಳವೆಯ ಚಾಕರಿ ಮಾತ್ರ ತಪ್ಪುವುದಿಲ್ಲ.

ಆ ಚಾಕರಿ ಅಂದರೆ ಪಂಪ್ ಹೊಡೆಯುವುದು. ಮೈನಸ್ 15 ಡಿಗ್ರಿಯಲ್ಲಿ ಪಂಪಿನ ಪೈಪ್ ಸೆಟೆದು ನಿಲ್ಲುತ್ತದೆ. ವಾಲ್ವಿಗೆ ಸಿಕ್ಕಿಸಿದರೆ ಚಿಮ್ಮಿ ಹೊರಗೆ ಬರುತ್ತದೆ. ದಪ್ಪ ಗ್ಲೌಸ್ ಹಾಕಿಕೊಂಡು ವಾಲ್ವಿನ ಮುಚ್ಚಳ ಹಿಡಿಯಲು ಆಗುವುದಿಲ್ಲ. ಗ್ಲೌಸ್ ತೆಗೆದರೆ ಬೆರಳು ಮಾತು ಕೇಳುವುದಿಲ್ಲ. ವಾಲ್ವಿನ ಬಾಯಲ್ಲಿ ಚೂರು ಹಿಮ ಕೂತಿದ್ದರೆ ಸುಸ್ ಅಂತ ಸೋರುತ್ತಲೇ ಇರುತ್ತದೆ.

ಹೇಗೋ ತುಂಬಿದಿರಿ ಅನ್ನಿ. ಸ್ವಲ್ಪ ಹೊತ್ತಿಗೆ ಕೊಳವೆ ಮೆತ್ತಗಾಗುತ್ತದೆ. ತೂತು ಹುಡುಕಿದರೆ ತೂತೇ ಇಲ್ಲ! ಗಾಳಿ ತಣ್ಣಗಾದರೆ ಒತ್ತಡ ಇಳಿಯುತ್ತದೆ, ಅಷ್ಟೇ. 20 ಡಿಗ್ರಿಯ ಬೆಚ್ಚಗಿನ ಜಾಗದಲ್ಲಿ 6 ಪಿಎಸ್‌ಐ (ಒತ್ತಡದ ಅಳತೆ) ತುಂಬಿ ಮೈನಸ್ 15ಕ್ಕೆ ತಂದರೆ ಉಳಿಯುವುದು ಸುಮಾರು 3.5. ಹೊರಗೇ ತುಂಬಿದರೂ ಪಂಪ್ ಒತ್ತುವಾಗ ಗಾಳಿ ಕೊಂಚ ಬಿಸಿಯಾಗುತ್ತದೆ, ಆಮೇಲೆ ತಣಿಯುತ್ತದೆ. ಮೆತ್ತಗಾದ ಕೈಟ್ ಜೋರು ಗಾಳಿಗೆ ನಡುವೆ ಮಡಚಿಕೊಳ್ಳುತ್ತದೆ. ತಿರುಗಿಸಿದರೆ ತಡವಾಗಿ ತಿರುಗುತ್ತದೆ. ಮತ್ತೆ ಇಳಿಸು, ಬೂಟನ್ನು ಬೋರ್ಡಿಗೆ ಕಟ್ಟುವ ಬೈಂಡಿಂಗ್ ಬಿಚ್ಚು, ಪಂಪ್ ಹೊಡಿ. ನನಗೆ ಸಾಕಾಗಿ ಹೋಯಿತು.

ಸ್ನೋಬೋರ್ಡಿನವರಿಗೆ ಈ ಕಾಟ ಇನ್ನೂ ಜಾಸ್ತಿ. ಸ್ಕೀ ಹಾಕಿದವರು ಸಪಾಟು ನೆಲದಲ್ಲೂ ತಳ್ಳಿಕೊಂಡು ಕೈಟ್ ಹತ್ತಿರ ಹೋಗುತ್ತಾರೆ. ನಮ್ಮ ಎರಡೂ ಕಾಲು ಒಂದೇ ಹಲಗೆಗೆ ಕಟ್ಟಿವೆ. ಕೈಟ್ ಬಿದ್ದರೆ ಕೂತಲ್ಲಿಂದಲೇ ಎಬ್ಬಿಸಲು ಬರಬೇಕು. ಫಾಯಿಲ್ ಗೆದ್ದದ್ದು ಇಲ್ಲೇ. ಅದು ಮೂತಿ ಕೆಳಗಾಗಿ ಬಿದ್ದರೂ, ಬೋರ್ಡಿನ ಹಿಮ್ಮಡಿ ಅಂಚನ್ನು ಹಿಮಕ್ಕೆ ಒತ್ತಿ ಕೂತು ಹಿಂದಂಚಿಗೆ ಕಟ್ಟಿದ ಎರಡೂ ಬ್ರೇಕ್ ಲೈನ್ (ದಾರ) ಎಳೆದರೆ ಹಿಂದುಹಿಂದಾಗಿ ಮೇಲೇಳುತ್ತದೆ. ಒಂದು ಬದಿ ಸಡಿಲ ಬಿಟ್ಟರೆ ತಿರುಗಿ ನೆಟ್ಟಗಾಗುತ್ತದೆ. ಗಾಳಿ ತುಂಬುವ ಕೈಟನ್ನಾದರೆ ಹಿಂಬದಿಯ ಒಂದು ಲೈನ್ ಎಳೆದು, ಕೈಟ್ ಹಾರಬಲ್ಲ ವಲಯದ ಅಂಚಿಗೆ ಉರುಳಿಸಬೇಕು. ಗಾಳಿ ಕಡಿಮೆಯಿದ್ದರೆ ಮೆದು ಹಿಮದಲ್ಲಿ ಹೂತು ಸುಮ್ನೆ ಬಿದ್ದಿರುತ್ತದೆ. ಗಟ್ಟಿ ಹಿಮವಾದರೆ ಉಜ್ಜಿ ಉಜ್ಜಿ ಬಟ್ಟೆ ಸವೆಯುತ್ತದೆ. ಬೋರ್ಡಿನ ಉಕ್ಕಿನ ಅಂಚು ಕೊಳವೆಗೆ ತಾಗಿದರಂತೂ ಆ ದಿನದ ಆಟ ಮುಗಿಯಿತು.

ಫಾಯಿಲ್ ಏನೂ ಸಾಧು ಅಲ್ಲ. ಅದರ ಬ್ರೈಡಲ್ಲಿನ, ಅಂದರೆ ಬಟ್ಟೆಯನ್ನು ಲೈನಿಗೆ ಸೇರಿಸುವ ಜಾಲದ, ಸಣ್ಣ ದಾರಗಳು ಸಿಕ್ಕಾದರೆ ಬಿಡಿಸಲು ತಾಳ್ಮೆ ಬೇಕು. ತೆರೆದ ಬಾಯಿಗಳಿಂದ ಹಿಮ ಒಳಗೆ ನುಗ್ಗುತ್ತದೆ; ರೆಕ್ಕೆಯ ತುದಿಯ ವೆಲ್ಕ್ರೋ ಬಿಚ್ಚಿ ಸುರಿಯಬೇಕು. ಮನೆಗೆ ಬಂದು ಒಣಗಿಸಬೇಕು. ಗಾಳಿ ಎದ್ದು ಬಿದ್ದು ಬೀಸುವ ದಿನ ಗಟ್ಟಿ ಕೊಳವೆಯ ಕೈಟೇ ಮೇಲು, ಆಕಾರ ಕೆಡುವುದಿಲ್ಲ. ಒಂದೇ ಪದರದ ಫಾಯಿಲ್‌ಗಳೂ ಇವೆ, ಫ್ಲೈಸರ್ಫರ್ ಪೀಕ್ ಆ ಜಾತಿಯದು. ಒಳಗೆ ಹಿಮ ತುಂಬುವ ಗೋಳಿಲ್ಲ. ಬೆಲೆ ನೋಡಿ ಸುಮ್ಮನಾದೆ.

ಎಳೆತದಲ್ಲಿ ಎರಡೂ ಬೇಕಾದಷ್ಟು ಜೋರು. ಕಲಿಯುವವರು ಇನ್ನೂ ಚಿಕ್ಕದನ್ನೇ ತೆಗೆದುಕೊಳ್ಳಲಿ. ಹಿಮದ ಮೇಲೆ ಬೋರ್ಡಿಗೆ ತಡೆ ಕಡಿಮೆ. ಅದೂ ಅಲ್ಲದೆ ಮೈನಸ್ 15ರ ಗಾಳಿ 20 ಡಿಗ್ರಿಯ ಗಾಳಿಗಿಂತ ಸುಮಾರು 14% ದಟ್ಟ, ಅದೇ ವೇಗದಲ್ಲಿ ಅಷ್ಟೂ ಜಾಸ್ತಿ ಎಳೆಯುತ್ತದೆ.

ನನ್ನ ಕೈಯಲ್ಲಿದ್ದದ್ದು ಒಂದೇ ಕೈಟಿನ ದುಡ್ಡು. ಎಲ್ಲವನ್ನೂ ಬೆನ್ನಿಗೆ ಹಾಕಿಕೊಂಡು ನಡೆಯುವ ಅಭ್ಯಾಸ. ಕೈಟ್ ಹಿಡಿದು ನಿಲ್ಲಲು ಜೊತೆಗಾರರು ದಿನವೂ ಸಿಗುವುದಿಲ್ಲ. ಫಾಯಿಲನ್ನು ಹರಡಿ, ಹಿಂದಂಚಿನ ಮೇಲೆ ಒಂದಿಷ್ಟು ಹಿಮ ಹೇರಿ, ಲೈನ್ ಬಿಡಿಸಿಕೊಂಡು ನಾನೇ ಎಬ್ಬಿಸಬಹುದು. ನೀರಿನ ಕೈಟ್ ಮನೆಯಲ್ಲಿ ಇದ್ದೇ ಇದ್ದರೆ ಮೊದಲ ಚಳಿಗಾಲ ಅದರಲ್ಲೇ ಕಳೆಯಿರಿ, ಪಂಪ್ ಹೊಡೆಯಲು ಬೇಜಾರಿಲ್ಲದಿದ್ದರೆ. ಹಿಮಕ್ಕೆಂದೇ ಕೊಳ್ಳುವುದಾದರೆ ಹಳೆಯ ಫಾಯಿಲ್ ನೋಡಿ. ದುಡ್ಡು ಕೊಡುವ ಮುಂಚೆ ಗ್ಲೌಸ್ ಹಾಕಿಕೊಂಡೇ ಬಾರಿನ (ಕೈಟ್ ತಿರುಗಿಸಲು ಕೈಯಲ್ಲಿ ಹಿಡಿಯುವ ಕೋಲು) ಕ್ವಿಕ್ ರಿಲೀಸ್, ಅಂದರೆ ಅಪಾಯದಲ್ಲಿ ಕೈಟಿನ ಎಳೆತ ಬಿಡಿಸುವ ಕೊಂಡಿ, ಒಮ್ಮೆ ತಳ್ಳಿ ನೋಡಿ. ಬರಿಗೈಯಲ್ಲಿ ಮಾತ್ರ ಬಿಚ್ಚಿಕೊಂಡರೆ ಆ ಬಾರ್ ಬೇಡ.