ಕೋಶದ ಅಂಚಿಗಷ್ಟೇ ಬಣ್ಣ ಬೇಕಾದರೆ: ಜಿಎಫ್‌ಪಿ, ಆಂಟಿಬಾಡಿ, ಸ್ನ್ಯಾಪ್-ಟ್ಯಾಗ್ ಮಾಡಿ ನೋಡಿದ್ದು

ಕೋಶದ ಮೇಲ್ಮೈಯಲ್ಲಿದ್ದು ಹೊರಗಿನ ಸಂಕೇತ ಹಿಡಿಯುವ ಪ್ರೋಟೀನ್, ಅಂದರೆ ರಿಸೆಪ್ಟರ್, ಯಾವಾಗ ಒಳಕ್ಕೆ ಹೋಗುತ್ತದೆ ಅಂತ ಜೀವಂತ ಕೋಶದಲ್ಲೇ ನೋಡಬೇಕಿತ್ತು. ಶಿವಮೊಗ್ಗದ ನಮ್ಮ ಲ್ಯಾಬಿನಲ್ಲಿ ಇಡೀ ಮಳೆಗಾಲ ಇದರಲ್ಲೇ ಕಳೆಯಿತು. ಲ್ಯಾಬಿನಲ್ಲಿ ಬೆಳೆಸುವ ಮನುಷ್ಯನ ಎಚ್‌ಇಕೆ 293 ಕೋಶ, ಅದೇ ರಿಸೆಪ್ಟರ್, ಬಣ್ಣ ಹಾಕುವ ದಾರಿ ಮಾತ್ರ ಬೇರೆ.

ತಾನೇ ಹಸಿರಾಗಿ ಹೊಳೆಯುವ ಪ್ರೋಟೀನ್ ಜಿಎಫ್‌ಪಿ. ಅದನ್ನು ರಿಸೆಪ್ಟರಿಗೆ ಜೋಡಿಸಿದರಾಯಿತು, ಸುಲಭ. ಡೈ ಬೇಡ, ತೊಳೆಯುವುದೂ ಬೇಡ. ಆದರೆ ಗಾಲ್ಜಿಯಲ್ಲಿ (ಪ್ರೋಟೀನುಗಳನ್ನು ಸಿದ್ಧಮಾಡಿ ಕಳಿಸುವ ಕೋಶದೊಳಗಿನ ಭಾಗ) ಇನ್ನೂ ದಾರಿಯಲ್ಲಿರುವ ಪ್ರೋಟೀನೂ ಹಸಿರಾಗಿಯೇ ಹೊಳೆಯುತ್ತದೆ, ಆ ಬೆಳಕಿನಲ್ಲಿ ಅಂಚಿನ ಗೆರೆ ಮುಳುಗಿಹೋಗುತ್ತದೆ. ಜೊತೆಗೆ ಕೋಶದ ಹೊರಬದಿಗೆ ಜೋಡಿಸಿದ ಜಿಎಫ್‌ಪಿ ಎಂಡೋಸೋಮಿನ (ಒಳಕ್ಕೆ ಬಂದದ್ದನ್ನು ಹೊರುವ ಪುಟ್ಟ ಚೀಲ) ಹುಳಿಗೆ ಮಂಕಾಗುತ್ತದೆ. ನನಗೆ ಬೇಕಿದ್ದ ಘಳಿಗೆಯಲ್ಲೇ ಕೈಕೊಟ್ಟಿತು.

ಆಮೇಲೆ ಎಚ್‌ಎ ಟ್ಯಾಗ್: ರಿಸೆಪ್ಟರಿಗೆ ಜೋಡಿಸುವ ಪುಟ್ಟ ಗುರುತು, ಬಣ್ಣ ಹೊತ್ತ ಆಂಟಿಬಾಡಿ ಅದನ್ನು ಹುಡುಕಿ ಹಿಡಿಯುತ್ತದೆ. ಬರೀ 9 ಅಮೈನೋ ಆಮ್ಲ, ರಿಸೆಪ್ಟರಿಗೆ ಭಾರವಾಗುವುದಿಲ್ಲ. ಭಾರ ಇರುವುದು ಆಂಟಿಬಾಡಿಯಲ್ಲಿ, ಸುಮಾರು 150 ಕಿಲೋಡಾಲ್ಟನ್ (ಅಣುಗಳ ತೂಕದ ಅಳತೆ). ಅದಕ್ಕೆ ಎರಡು ಕೈ, ಎರಡು ರಿಸೆಪ್ಟರುಗಳನ್ನು ಒಟ್ಟಿಗೆ ಹಿಡಿದುಬಿಡುತ್ತದೆ. ಐಸ್ ಮೇಲಿದ್ದಾಗ ಅಂಚು ಚೆನ್ನಾಗಿತ್ತು. 37 ಡಿಗ್ರಿಗೆ ತಂದಾಗ, ರಿಸೆಪ್ಟರನ್ನು ಎಬ್ಬಿಸುವ ಅಣು, ಅಂದರೆ ಲಿಗಂಡ್, ಹಾಕುವ ಮೊದಲೇ ಚುಕ್ಕೆ ಚುಕ್ಕೆಯಾಗಿ ಒಳಕ್ಕೆ ಹೋಯಿತು. ಅಳೆಯಬೇಕಾದದ್ದನ್ನು ಅಳತೆಗೋಲೇ ತಳ್ಳಿದರೆ ಏನು ಮಾಡುವುದು?

ನನಗೆ ಒಪ್ಪಿಗೆಯಾದದ್ದು ಸ್ನ್ಯಾಪ್. ಡಿಎನ್‌ಎ ರಿಪೇರಿ ಮಾಡುವ ಮನುಷ್ಯನ ಕಿಣ್ವವೊಂದನ್ನು ತಿದ್ದಿ ಮಾಡಿದ ಸುಮಾರು 20 ಕಿಲೋಡಾಲ್ಟನ್ ಟ್ಯಾಗ್ ಇದು. ಬೆಂಜೈಲ್‌ಗ್ವಾನೀನ್ ಎಂಬ ಅಣು ಹೊತ್ತ ಡೈಯನ್ನು ಒಂದು ಸಲ ಹಿಡಿದರೆ ಬಿಡುವುದಿಲ್ಲ. ಪೊರೆ ದಾಟದ ಡೈ ತೆಗೆದುಕೊಂಡು, 5 ಮೈಕ್ರೋಮೋಲಾರ್, ಅರ್ಧ ಗಂಟೆ ಇಟ್ಟು ಮೂರು ಸಲ ತೊಳೆದೆ. ಪ್ರತಿ ಕೋಶದ ಸುತ್ತ ತೆಳ್ಳಗೆ ಬಳೆ ಇಟ್ಟ ಹಾಗೆ ಕಂಡಿತು, ಒಳಗೆ ಕತ್ತಲೆ! ಇನ್ನೊಂದು ಲಾಭ: ಮೊದಲ ಬಣ್ಣ ಪೂರ್ತಿ ಹಿಡಿಸಿ, ಒಂದೆರಡು ಗಂಟೆ ಬಿಟ್ಟು ಬೇರೆ ಬಣ್ಣ ಹಾಕಿದರೆ ಹೊಸದಾಗಿ ಮೇಲೆ ಬಂದ ರಿಸೆಪ್ಟರ್ ಮಾತ್ರ ಅದನ್ನು ಹಿಡಿಯುತ್ತದೆ.

ನಮ್ಮ ಕಡೆಯವರಿಗೆ ಒಂದು ಮಾತು. ಮಳೆಗಾಲದಲ್ಲಿ ಡೈ ಟ್ಯೂಬನ್ನು ಫ್ರೀಜರಿನಿಂದ ತೆಗೆದ ತಕ್ಷಣ ತೆರೆಯಬೇಡಿ. ಮುಚ್ಚಳದ ಮೇಲೆ ನೀರು ಕೂರುತ್ತದೆ, ಡೈ ಕರಗಿಸಿದ ದ್ರಾವಕ ಡಿಎಂಎಸ್‌ಒ ಆ ತೇವವನ್ನು ಎಳೆದುಕೊಳ್ಳುತ್ತದೆ. ನಾನು ಒಂದು ಟ್ಯೂಬ್ ಹಾಗೇ ಕಳೆದುಕೊಂಡೆ. ಈಗ ಸಣ್ಣ ಸಣ್ಣ ಪಾಲು ಮಾಡಿ ಸಿಲಿಕಾ ಜೆಲ್ ಜೊತೆ ಇಡುತ್ತೇನೆ.

ಎಸಿಪಿ ಎಂಬ ಇನ್ನೊಂದು ಟ್ಯಾಗ್ ಸ್ನ್ಯಾಪ್‌ಗಿಂತ ಚಿಕ್ಕದು, 77 ಅಮೈನೋ ಆಮ್ಲ. ಆದರೆ ಬಣ್ಣ ಹಿಡಿಸಲು ಬೇರೆ ಕಿಣ್ವ, ಮೆಗ್ನೀಸಿಯಂ ಎಲ್ಲಾ ಬೇಕು. ಸ್ನ್ಯಾಪ್ ಜೋಡಿಸಿದ ಮೇಲೆ ನಿಮ್ಮ ರಿಸೆಪ್ಟರ್ ಸರಿಯಾಗಿ ಕೆಲಸ ಮಾಡದಿದ್ದರೆ ಆಗ ನೋಡಿ. ಯಾವುದೇ ಡೈ ಆಗಲಿ, ಟ್ಯಾಗ್ ಇಲ್ಲದ ಕೋಶಕ್ಕೂ ಪ್ಲೇಟಿನ ಒಂದು ಗುಳಿಯಲ್ಲಿ ಅದನ್ನೇ ಹಾಕಿಡಿ. ಅದೂ ಹೊಳೆದರೆ ಇನ್ನೊಂದೆರಡು ಸಲ ತೊಳೆಯಿರಿ, ಆಮೇಲೆ ಫೋಟೋ ತೆಗೆಯಿರಿ.