ತಾರ್ಕಿಕ ಪ್ರತ್ಯಕ್ಷವಾದದ ಜೆರಾಕ್ಸ್ ನೋಟ್ಸ್: ಕೊಳ್ಳುವ ಮೊದಲು ಇಷ್ಟು ನೋಡಿಕೊಳ್ಳಿ

ಹಾಸನದ ಸಾಲಗಾಮೆ ರಸ್ತೆ ಕಡೆಯ ಜೆರಾಕ್ಸ್ ಅಂಗಡಿಯೊಂದರಲ್ಲಿ ಯುಪಿಎಸ್‌ಸಿ ತತ್ತ್ವಶಾಸ್ತ್ರ ಐಚ್ಛಿಕದ ಕನ್ನಡ ನೋಟ್ಸ್ ಬಿಡಿ ಘಟಕಗಳಾಗಿ ಸಿಗುತ್ತದೆ. ಇಲ್ಲಿ ಹೇಳುವುದು ತಾರ್ಕಿಕ ಪ್ರತ್ಯಕ್ಷವಾದದ (ಲೋಕದ ಬಗ್ಗೆ ಆಡುವ ಮಾತು ಅನುಭವದಿಂದ ಪರಿಶೀಲಿಸುವಂತಿದ್ದರಷ್ಟೇ ಅರ್ಥವುಳ್ಳದ್ದು ಎಂದ ತತ್ತ್ವಶಾಸ್ತ್ರದ ಚಳವಳಿ) ಘಟಕದ ಬಗ್ಗೆ ಮಾತ್ರ: ಎ4 ಹಾಳೆ, 46 ಪುಟ, ಸ್ಪೈರಲ್ ಬೈಂಡಿಂಗ್ ಸೇರಿ 90 ರೂಪಾಯಿ. ಈ ವಿಷಯ ಕನ್ನಡದಲ್ಲಿ ಇಷ್ಟು ಒಂದೇ ಕಡೆ ಸಿಗುವುದು ಅಪರೂಪ. ಆದರೆ ಇದ್ದದ್ದು ಇದ್ದಹಾಗೆ ಉರುಹೊಡೆದರೆ ಅಂಕ ಕೈತಪ್ಪುತ್ತದೆ.

ಚರಿತ್ರೆಯ ಮೊದಲ 14 ಪುಟ ಚೆನ್ನಾಗಿದೆ. ವಿಯೆನ್ನಾದಲ್ಲಿ 1895ರಲ್ಲಿ ಮಾಖ್‌ಗೆ ಸಿಕ್ಕ ಪ್ರಾಧ್ಯಾಪಕ ಪೀಠ, 1922ರಲ್ಲಿ ತತ್ತ್ವಜ್ಞಾನಿ ಶ್ಲಿಕ್ ಬಂದದ್ದು, ಅವರ ಸುತ್ತ ಸೇರಿದ ‘ವಿಯೆನ್ನಾ ವಲಯ’ದ ಗುರುವಾರ ಸಂಜೆಯ ಚರ್ಚೆಗಳು, 1929ರ ಪ್ರಣಾಳಿಕೆ, 1936ರ ಜೂನ್ 22ರಂದು ವಿಶ್ವವಿದ್ಯಾಲಯದ ಮೆಟ್ಟಿಲ ಮೇಲೆಯೇ ಹಳೆಯ ವಿದ್ಯಾರ್ಥಿಯೊಬ್ಬ ಶ್ಲಿಕ್‌ರನ್ನು ಗುಂಡಿಕ್ಕಿ ಕೊಂದದ್ದು, ಎಲ್ಲ ಇಸವಿಯೂ ಸರಿ. ಇದೇ ವಿಚಾರದ ಬರ್ಲಿನ್ ಗುಂಪಿಗೆ, ಅಂದರೆ ರೈಖೆನ್‌ಬಾಖ್, ಹೆಂಪೆಲ್ ಅವರಿಗೆ, ನಾಲ್ಕೇ ಸಾಲು. ವಲಯದ ಸದಸ್ಯರ ಪಟ್ಟಿಯಲ್ಲಿ ವಿಟ್‌ಗೆನ್‌ಸ್ಟೈನ್, ಪಾಪರ್ ಇಬ್ಬರೂ ಇದ್ದಾರೆ, ಹೊಡೆದುಹಾಕಿ. ವಿಟ್‌ಗೆನ್‌ಸ್ಟೈನ್ ಶ್ಲಿಕ್, ವೈಸ್‌ಮನ್ ಜೊತೆ ಬೇರೆಯಾಗಿ ಮಾತನಾಡುತ್ತಿದ್ದರು, ಪಾಪರ್‌ಗೆ ಕರೆಯೇ ಬರಲಿಲ್ಲ.

ದೊಡ್ಡ ಕೊರತೆ ಇರುವುದು ಪರಿಶೀಲನಾ ತತ್ತ್ವದ ಅಧ್ಯಾಯದಲ್ಲಿ. ‘ಪರಿಶೀಲಿಸಲಾಗದ ವಾಕ್ಯ ಅರ್ಥಹೀನ’ ಎಂಬ ಒಂದೇ ಸೂತ್ರ ಕೊಟ್ಟು, ಅದಕ್ಕೆ ಆಕ್ಷೇಪಗಳನ್ನು ಪೋಣಿಸಿದ್ದಾರೆ. ಆ ಸೂತ್ರವನ್ನು ಮೊದಲು ತಿದ್ದಿದವರು ಚಳವಳಿಯ ಒಳಗಿನವರೇ. ‘ಸಕಲೇಶಪುರದಲ್ಲಿ ಈಗ ಮಳೆ ಬರುತ್ತಿದೆ’ ಎಂಬುದನ್ನು ಹೋಗಿ ನೋಡಬಹುದು. ‘ಎಲ್ಲ ಲೋಹಗಳೂ ಕಾಯಿಸಿದರೆ ಹಿಗ್ಗುತ್ತವೆ’ ಎಂಬುದನ್ನು ಎಷ್ಟು ಲೋಹ ಕಾಯಿಸಿದರೂ ಪೂರ್ತಿ ಪರಿಶೀಲಿಸಿ ಮುಗಿಸಲಾಗದು. ಕಟ್ಟುನಿಟ್ಟಾದ ಸೂತ್ರ ಹಿಡಿದರೆ ವಿಜ್ಞಾನದ ನಿಯಮಗಳೇ ತತ್ತ್ವಮೀಮಾಂಸೆಯ (ಅನುಭವಕ್ಕೆ ಮೀರಿದ ಸತ್ಯದ ಚರ್ಚೆ) ಜೊತೆ ಆಚೆ ಹೋಗುತ್ತವೆ. ಅದಕ್ಕೇ ವಲಯದ ಕಾರ್ನಾಪ್ 1936–37ರಲ್ಲಿ ಪೂರ್ಣ ಪರಿಶೀಲನೆ ಬಿಟ್ಟು ಹಂತಹಂತದ ದೃಢೀಕರಣಕ್ಕೆ ಬಂದರು. ಇಂಗ್ಲೆಂಡಿನ ಏಯರ್ 1936ರ ತಮ್ಮ ಪುಸ್ತಕದಲ್ಲಿ ದುರ್ಬಲ ರೂಪವನ್ನು (ಸತ್ಯಾಸತ್ಯದ ನಿರ್ಣಯಕ್ಕೆ ಅನುಭವ ಸಂಬಂಧಿಸಿದ್ದರೆ ಸಾಕು ಎಂಬುದನ್ನು) ಎತ್ತಿಹಿಡಿದರು, ಅದರ 1946ರ ಎರಡನೇ ಆವೃತ್ತಿಯ ಮುನ್ನುಡಿಯಲ್ಲಿ ಮತ್ತೆ ತಿದ್ದಿದರು. ಅದರಲ್ಲೂ ಬಹುತೇಕ ಯಾವ ವಾಕ್ಯ ಬೇಕಾದರೂ ನುಸುಳಬಹುದೆಂದು 1949ರಲ್ಲಿ ತರ್ಕಶಾಸ್ತ್ರಜ್ಞ ಅಲೊಂಜೊ ಚರ್ಚ್ ತೋರಿಸಿಕೊಟ್ಟರು. ಹತ್ತು ಅಂಕದ, 150 ಪದದ ಉತ್ತರಕ್ಕೆ ಈ ಸರಣಿಯೇ ಬೆನ್ನೆಲುಬು. ನೋಟ್ಸ್‌ನಲ್ಲಿ ಚರ್ಚ್ ಹೆಸರೇ ಇಲ್ಲ.

ಪ್ರೋಟೊಕಾಲ್ ವಾಕ್ಯಗಳ, ಅಂದರೆ ವಿಜ್ಞಾನಕ್ಕೆ ಆಧಾರವಾಗುವ ವೀಕ್ಷಣೆಯ ವರದಿಗಳ, ಪುಟವನ್ನಂತೂ ನಂಬಬೇಡಿ. ‘ಸಂಶಯಕ್ಕೆ ಎಡೆಯಿಲ್ಲದ ಇಂದ್ರಿಯಾನುಭವದ ವರದಿ’ ಎಂದು ಬರೆದು, ಕೆಳಗೆ ವಲಯದ ನಾಯ್ರಾಟ್ ಹೆಸರು ಹಾಕಿದ್ದಾರೆ. ನಾಯ್ರಾಟ್ 1932ರಲ್ಲಿ ವಾದಿಸಿದ್ದು ಇದರ ವಿರುದ್ಧ. ಅವರು ಕೊಟ್ಟ ಮಾದರಿಯಲ್ಲಿ ಆವರಣದೊಳಗೆ ಆವರಣ: ಆಟೋ ಎಂಬಾತನ 3:17ರ ಪ್ರೋಟೊಕಾಲ್, ಅದರೊಳಗೆ 3:16ಕ್ಕೆ ಆಟೋ ಮನಸ್ಸಿನಲ್ಲಿ ಆಡಿಕೊಂಡ ಮಾತು, ಅದರೊಳಗೆ 3:15ಕ್ಕೆ ಆಟೋ ಕೋಣೆಯಲ್ಲಿ ಕಂಡ ಮೇಜು. ಹೆಸರು, ಹೊತ್ತು ಎಲ್ಲ ಸೇರಿಸಿ ಬರೆದಿರುವುದರಿಂದ ಇದೂ ಉಳಿದ ವಾಕ್ಯಗಳ ಹಾಗೇ ಒಂದು ವಾಕ್ಯ. ಮಿಕ್ಕವುಗಳಿಗೆ ಹೊಂದದಿದ್ದರೆ ಇದನ್ನೂ ಕೈಬಿಡಬಹುದು. ಹಾಗಾಗದು ಎಂದು ಪಟ್ಟು ಹಿಡಿದವರು ಶ್ಲಿಕ್.

ಮುದ್ರಣದ ದೋಷವೂ ಸಣ್ಣದಲ್ಲ. ಹಳೆಯ ನುಡಿ ಫಾಂಟ್‌ನಲ್ಲಿ ಟೈಪ್ ಮಾಡಿದ ಪ್ರತಿ ಇರಬೇಕು, ತರ್ಕದ ಚಿಹ್ನೆಗಳು ಕೆಲವೆಡೆ ಅರ್ಥವಿಲ್ಲದ ಕನ್ನಡ ಅಕ್ಷರಗಳಾಗಿವೆ, ಕೆಲವೆಡೆ ಮಾಯವಾಗಿವೆ. 31ನೇ ಪುಟದಲ್ಲಿ ಜರ್ಮನ್ ತತ್ತ್ವಜ್ಞಾನಿ ಹೈಡೆಗರ್‌ರ ‘ಶೂನ್ಯ’ದ ಮೇಲೆ ಕಾರ್ನಾಪ್ ಮಾಡಿದ ಟೀಕೆ ಇದೆ. ‘ಹೊರಗೆ ಏನೂ ಇಲ್ಲ’ ಎಂಬುದರಲ್ಲಿ ‘ಏನೂ ಇಲ್ಲ’ ಯಾವ ವಸ್ತುವಿನ ಹೆಸರೂ ಅಲ್ಲ, ∃ (‘ಇದೆ’ ಎಂಬ ಚಿಹ್ನೆ) ಮುಂದೆ ~ (‘ಇಲ್ಲ’ ಎಂಬ ಚಿಹ್ನೆ) ಇಟ್ಟರೆ ಸಾಕು ಎಂಬುದೇ ವಾದದ ತಿರುಳು. ಜೆರಾಕ್ಸ್‌ನ ಜೆರಾಕ್ಸ್‌ನಲ್ಲಿ ಆ ~ ಅಳಿಸಿಹೋಗಿ ‘ಹೊರಗೆ ಏನೋ ಇದೆ’ ಎಂದಾಗಿದೆ! ಪೆನ್ನಿನಲ್ಲಿ ಸೇರಿಸಿಕೊಳ್ಳಿ.

ಕೊನೆಯ ಅಧ್ಯಾಯ, ಚಳವಳಿಯ ಮೂಲ ನಂಬಿಕೆಗಳನ್ನು ಟೀಕಿಸಿದ 1951ರ ಕ್ವೈನ್ ಲೇಖನಕ್ಕೇ ಇಡೀ ಚಳವಳಿಯನ್ನು ಮಣ್ಣು ಮಾಡುತ್ತದೆ. ಆದರೆ ಅದು ಅಲ್ಲಿಗೇ ಮುಗಿಯಲಿಲ್ಲ. ಕೂನ್‌ರ ವೈಜ್ಞಾನಿಕ ಕ್ರಾಂತಿಗಳ ಬಗೆಗಿನ 1962ರ ಪುಸ್ತಕ ಹೊರಬಂದದ್ದು ಈ ಚಳವಳಿಯವರದ್ದೇ ಏಕೀಕೃತ ವಿಜ್ಞಾನದ ವಿಶ್ವಕೋಶ ಮಾಲೆಯಲ್ಲಿ, ಸಂಪಾದಕರಲ್ಲಿ ಒಬ್ಬರು ಕಾರ್ನಾಪ್. ಇದನ್ನು ಬಿಟ್ಟದ್ದು ನಷ್ಟ.

ಪೂರ್ತಿ ಪುಸ್ತಕ ಬೇಡ. ಕೇಳಿದರೆ ಬಿಡಿ ಪುಟಗಳನ್ನೂ ಕೊಡುತ್ತಾರೆ: ಮೊದಲ 14 ಪುಟ, ಜೊತೆಗೆ ತತ್ತ್ವಮೀಮಾಂಸೆಯ ನಿರಾಕರಣೆಯ 27ರಿಂದ 33. ಪರಿಶೀಲನೆ ಮತ್ತು ಪ್ರೋಟೊಕಾಲ್ ಭಾಗಗಳಿಗೆ ಸ್ಟ್ಯಾನ್‌ಫರ್ಡ್ ತತ್ತ್ವಶಾಸ್ತ್ರ ವಿಶ್ವಕೋಶದ ವಿಯೆನ್ನಾ ವಲಯ ಮತ್ತು ನಾಯ್ರಾಟ್ ಲೇಖನಗಳನ್ನು ನೆಟ್‌ನಲ್ಲಿ ಉಚಿತವಾಗಿ ಓದಬಹುದು. ಇಂಗ್ಲಿಷ್ ಬಿಗಿ, ಆದರೆ ಚಿಹ್ನೆಗಳು ನೆಟ್ಟಗಿವೆ. ಪ್ರಿಂಟ್ ಹಾಕಿಸುವುದಾದರೆ ಪಿಡಿಎಫ್ ಮಾಡಿಕೊಂಡೇ ಒಯ್ಯಿರಿ, ವರ್ಡ್ ಫೈಲ್ ಕೊಟ್ಟರೆ ಅಂಗಡಿಯ ಕಂಪ್ಯೂಟರಿನಲ್ಲಿ ಮತ್ತೆ ಅದೇ ಪಾಡು.